ಹಬ್ಬ ಕಳೆದ ಮನೆಯ ಹೊಸ್ತಿಲು

ಹಬ್ಬ ಕಳೆದ ಮನೆಗೆ ಒಂದು ಬಗೆಯ ಬೋಳುತನವಿರುತ್ತದೆ. ವಿಜಯದಶಮಿಯ ರಾತ್ರಿ ಆರತಿ ಎತ್ತಿ, ಪಟ್ಟದ ಬೊಂಬೆಗಳನ್ನು ಮಲಗಿಸಿ, ಮರುದಿನ ಅವನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ ಟ್ರಂಕಿಗೆ ಇಳಿಸಿದ ಮೇಲೆ, ಅಷ್ಟು ದಿನ ಮೆಟ್ಟಿಲು ಮೆಟ್ಟಿಲಾಗಿ ಬೆಳಗಿದ್ದ ನಡುಮನೆಯಲ್ಲಿ ಬರಿಯ ಗೋಡೆ ಉಳಿಯುತ್ತದೆ. ದೀಪಾವಳಿ ಬಂದು ಹೋಗುತ್ತದೆ. ಬಾಗಿಲ ಮಾವಿನ ತೋರಣ ಒಣಗಿ ಸುರುಟಿಕೊಳ್ಳುತ್ತದೆ. ಉತ್ಥಾನದ್ವಾದಶಿಯಂದು ತುಳಸಿಯ ಮಗ್ಗುಲಲ್ಲಿ ನೆಟ್ಟ ನೆಲ್ಲಿಯ ಕೊಂಬೆ ಎಲೆಯುದುರಿಸಿ ಕಡ್ಡಿಯಾಗುತ್ತದೆ. ಕಾರ್ತಿಕದ ಹಣತೆಗಳು ಮೆಟ್ಟಿಲ ಮೇಲೆ ಎಣ್ಣೆಯ ಕಲೆಯನ್ನು ಬಿಟ್ಟು ಅಟ್ಟ ಸೇರುತ್ತವೆ. ಆ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನಡೆದು, ಬುಲ್ ಟೆಂಪಲ್ ರಸ್ತೆಯ ಸಿಪ್ಪೆಯನ್ನು ಗುಡಿಸಿದ್ದಾಯಿತೆಂದರೆ, ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಿಗೆ ವರ್ಷದ ದೊಡ್ಡ ಹಬ್ಬಗಳ ಸಾಲು ಮುಗಿದಂತೆಯೇ. ಸಂಕ್ರಾಂತಿಗೆ ಇನ್ನೂ ತಿಂಗಳಿಗೆ ಮೇಲ್ಪಟ್ಟು ಕಾಲವಿದೆ. ನಡುವೆ ಇರುವುದು ಮಾಗಿಯ ಚಳಿ, ಮದುವೆ ಮುಂಜಿಗಳಿಲ್ಲದ ಧನುರ್ಮಾಸ, ಮತ್ತು ಅವರೆಕಾಯಿ.

ಈ ಕಾಲದಲ್ಲಿ ಮನೆಯನ್ನು ಹೇಗೆ ಸಿಂಗರಿಸಬೇಕು ಎಂಬುದು ನಮ್ಮ ಹಿರಿಯರಿಗೆ ಒಂದು ಪ್ರಶ್ನೆಯಾಗಿ ತೋರಿರಲಾರದು. ಈಗ ತೋರುತ್ತಿದೆ. ದೀಪಾವಳಿಯ ಮಾರಾಟ ಮುಗಿಯುವುದೇ ತಡ, ದೊಡ್ಡ ಅಂಗಡಿಗಳ ಗಾಜಿನ ಹಿಂದೆ ‘ಚಳಿಗಾಲದ ಮನೆ’ಯೊಂದು ಸಿದ್ಧವಾಗುತ್ತದೆ. ಹತ್ತಿಯ ಹಿಮ, ಬೆಳ್ಳಿಬಣ್ಣ ಬಳಿದ ಪೈನ್ ಕಾಯಿ, ಕುರಿಯ ತುಪ್ಪುಳದಂತೆ ಕಾಣುವ ಮೆತ್ತೆ, ಉರಿವ ಕಟ್ಟಿಗೆಯ ಚಿತ್ರವಿರುವ ಪರದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಚಳಿ ಇಲ್ಲವೆಂದಲ್ಲ. ಆದರೆ ಹವಾಮಾನದ ದಾಖಲೆಯಲ್ಲಿ ಇದುವರೆಗಿನ ಕಡುಚಳಿ 1884ನೆಯ ಜನವರಿ 13ರಂದು ಕಂಡ 7.8 ಡಿಗ್ರಿ. ಅಂದಿನಿಂದ ಇಂದಿನವರೆಗೆ ಅದಕ್ಕಿಂತ ಕೆಳಗೆ ಇಳಿದಿಲ್ಲದ ಊರಿನಲ್ಲಿ ಹತ್ತಿಯ ಹಿಮವನ್ನು ಕೊಳ್ಳುವವರು ಅದನ್ನು ಯಾವ ನೆನಪಿಗಾಗಿ ಕೊಳ್ಳುತ್ತಾರೆಂಬುದು ನನಗೆ ತಿಳಿಯದು.

ಹಾಗೆಂದು ಚಳಿನಾಡುಗಳವರನ್ನು ಹಾಸ್ಯ ಮಾಡಬೇಕಾಗಿಲ್ಲ. ಅವರ ಕಷ್ಟ ನಿಜವಾದದ್ದು. ಕ್ರಿಸ್ಮಸ್ಸಿನ ಗಿಡವನ್ನೂ ಹಸಿರು ಮಾಲೆಗಳನ್ನೂ ಜನವರಿ 6ರ ಎಪಿಫನಿಯ ಹೊತ್ತಿಗೆ ತೆಗೆದಿಡುವುದು ಅಲ್ಲಿ ಬಹುಕಾಲದ ರೂಢಿ. ತೆಗೆದ ಮೇಲೆ ಮುಂದಿರುವುದು ಕತ್ತಲೆಯ ಎರಡು ತಿಂಗಳು. ಹೊರಗೆ ನಿಲ್ಲುವಂತಿಲ್ಲ, ಆದ್ದರಿಂದ ಅವರ ಸಿಂಗಾರವೆಲ್ಲ ಒಳಮುಖವಾದದ್ದು: ಮೇಣದ ಬತ್ತಿ, ಕಂಬಳಿ, ಬೆಂಕಿಯ ಸುತ್ತಣ ಕುರ್ಚಿ. ಜಪಾನಿನವರು ಹೊಸ ವರ್ಷಕ್ಕೆ ಬಾಗಿಲ ಎರಡು ಕಡೆಯೂ ಪೈನ್ ಬಿದಿರುಗಳನ್ನು ಕಟ್ಟಿ, ಬಹಳ ಕಡೆ ಜನವರಿ 7ಕ್ಕೆ ತೆಗೆದುಬಿಡುತ್ತಾರೆ. ಹಬ್ಬದ ಗುರುತನ್ನು ಹಬ್ಬ ಮುಗಿದ ಮೇಲೆ ಇರಗೊಡಬಾರದೆಂಬ ವಿವೇಕ ಎಲ್ಲ ನಾಡುಗಳಲ್ಲಿಯೂ ಇದೆ. ತೆಗೆದ ಜಾಗವನ್ನು ಏನು ತುಂಬಬೇಕೆಂಬಲ್ಲಿ ಮಾತ್ರ ಒಂದೊಂದು ನಾಡಿನದು ಒಂದೊಂದು ದಾರಿ.

ಬೆಂಗಳೂರಿನ ಈ ಮೂರು ಬಡಾವಣೆಗಳ ದಾರಿ ಹೊರಮುಖವಾದದ್ದು. ಇದಕ್ಕೆ ಮನೆಗಳ ಕಟ್ಟಣೆಯೂ ಕಾರಣ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು; 1898ರ ಪ್ಲೇಗಿನ ತರುವಾಯ, ಪೇಟೆಯ ಇಕ್ಕಟ್ಟಿಗೆ ಹೆದರಿದ ಜನ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳಿಗೆ ಬಂದು ನೆಲೆಸಿದರು. ಗಾಳಿ ಬೆಳಕು ಬೇಕೆಂಬುದೇ ಅಲ್ಲಿನ ನಕ್ಷೆಯ ಮೊದಲ ಮಾತು. ಮನೆಯ ಹಿಂದೆ ಜಾಡಮಾಲಿಗಳು ಓಡಾಡುವ ಗಲ್ಲಿ, ಮುಂದೆ ಅಂಗಳ, ಅಂಗಳಕ್ಕೆ ಎದೆಮಟ್ಟದ ಗೋಡೆ, ಅದರಾಚೆ ಬೀದಿ. ಸಿರಿವಂತರದು ಮಂಗಳೂರು ಹೆಂಚಿನ ಬಂಗಲೆಯಾದರೆ ಗುಮಾಸ್ತರದೂ ಉಪಾಧ್ಯಾಯರದೂ ವಠಾರ. ವಠಾರದಲ್ಲಿ ಅಂಗಳ ಒಂದೇ. ಬಾಗಿಲು ಆರೋ ಎಂಟೋ. ಆದರೆ ಎಂತಹ ಮನೆಗೇ ಆಗಲಿ, ಬೀದಿಗೂ ಬಾಗಿಲಿಗೂ ನಡುವೆ ನಾಲ್ಕು ಹೆಜ್ಜೆಯ ನೆಲವೊಂದು ಇದ್ದೇ ಇರುತ್ತಿತ್ತು. ಮಾಗಿಯ ಸಿಂಗಾರವೆಲ್ಲ ಆ ನಾಲ್ಕು ಹೆಜ್ಜೆಯ ನೆಲದಲ್ಲಿ.

ಡಿಸೆಂಬರ್ ನಡುವಿನಲ್ಲಿ ಸೂರ್ಯ ಧನುರಾಶಿಗೆ ಬಂದ ದಿನದಿಂದ ಮಕರ ಸಂಕ್ರಮಣದವರೆಗೆ, ಎಂದರೆ ಇಪ್ಪತ್ತೊಂಬತ್ತೋ ಮೂವತ್ತೋ ದಿನ, ನಸುಕಿನಲ್ಲಿ ಗುಡಿಗಳ ಗಂಟೆ ಕೇಳುತ್ತದೆ, ಹುಗ್ಗಿಯ ನೈವೇದ್ಯವಾಗುತ್ತದೆ. ಆ ಗಂಟೆಗೆ ಮುಂಚೆಯೇ ಬೀದಿ ಎದ್ದಿರುತ್ತಿತ್ತು. ಕಸಬರಿಗೆಯ ಸದ್ದು ಮೊದಲು, ಆಮೇಲೆ ಚೊಂಬಿನಿಂದ ಕೈಯಲ್ಲಿ ಚಿಮುಕಿಸಿದ ನೀರಿನ ಸದ್ದು, ಆಮೇಲೆ ಸದ್ದಿಲ್ಲ. ಸದ್ದಿಲ್ಲದ ಆ ಹೊತ್ತಿನಲ್ಲಿ ರಂಗೋಲಿ ನಡೆಯುತ್ತಿದೆಯೆಂದು ಅರ್ಥ. ಮಂಜು ಹರಿಯುವ ಹೊತ್ತಿಗೆ ಬೀದಿಯುದ್ದಕ್ಕೂ ಮನೆಗೊಂದರಂತೆ ಬೆಳ್ಳಗೆ ಕಾಣುತ್ತಿತ್ತು. ತಮಿಳು, ತೆಲುಗು ಮನೆಗಳ ಮುಂದೆ ಸಗಣಿಯ ಉಂಡೆಯಲ್ಲಿ ಚುಚ್ಚಿಟ್ಟ ಕುಂಬಳದ ಹೂವೂ ಇರುತ್ತಿತ್ತು. ಹಬ್ಬದ ದಿನಗಳ ಕೆಮ್ಮಣ್ಣಿನ ಅಂಚು, ಬಣ್ಣದ ಪುಡಿ, ಇವು ಮಾಗಿಯಲ್ಲಿ ಅಪರೂಪ. ನೆಲದ ಕಪ್ಪು, ಪುಡಿಯ ಬಿಳುಪು, ಅಷ್ಟೆ. ಹಬ್ಬವಿಲ್ಲದ ತಿಂಗಳಿಗೆ ಅದು ತಕ್ಕ ಉಡುಗೆ ಎಂದು ನನಗೆ ತೋರುತ್ತದೆ.

ರಂಗೋಲಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಚೆಲುವನ್ನು ಹೊಗಳಿ ಬಿಟ್ಟುಬಿಡುತ್ತಾರೆ. ಅದರ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ನಡುಸಾಲಿನಲ್ಲಿ ಏಳು ಚುಕ್ಕಿ ಇಟ್ಟು, ಮೇಲೂ ಕೆಳಗೂ ಸಂದಿನಲ್ಲಿ ಆರು, ಐದು, ನಾಲ್ಕು ಎಂದು ಇಳಿಸಿದರೆ ಒಟ್ಟು 37 ಚುಕ್ಕಿಯಾಗುತ್ತದೆ. ಆರು ಮೂಲೆಯ ಹಂದರ ತಾನಾಗಿಯೇ ನಿಲ್ಲುತ್ತದೆ. ಇದಕ್ಕೆ ‘ಏಳರಿಂದ ನಾಲ್ಕು, ಸಂದು ಚುಕ್ಕಿ’ ಎಂದು ಹೆಸರು. ಈ ಹಂದರದಲ್ಲಿ ಕಮಲವನ್ನೂ ಬಿಡಿಸಬಹುದು, ಹಕ್ಕಿಯನ್ನೂ ಬಿಡಿಸಬಹುದು, ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಬಳಸಿ ಬರುವ ಒಂದೇ ಎಳೆಯ ಬಳ್ಳಿಯನ್ನೂ ಬಿಡಿಸಬಹುದು. ಪುಡಿ ಹೆಬ್ಬೆರಳು ತೋರುಬೆರಳುಗಳ ನಡುವೆ ಜಾರಬೇಕು. ಬಿಗಿ ಹಿಡಿದರೆ ಗೆರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ದಪ್ಪವಾಗುತ್ತದೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿಗಳೂ ಕಮಲಾ ಕೃತಿವಾಸನ್ ಅವರೂ 1974ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಈ ಗೆರೆಗಳಿಗೆ ಒಂದು ವ್ಯಾಕರಣವನ್ನೇ ಬರೆದು ತೋರಿಸಿದರು. ಕೆಲವೇ ಸೂತ್ರಗಳಿಂದ ಅಸಂಖ್ಯವಾದ ಆಕಾರಗಳು ಹುಟ್ಟುವ ಬಗೆ ಅದು. ವ್ಯಾಕರಣವನ್ನು ಕಲಿಸಿ ವಿದ್ಯಾರ್ಥಿಗಳ ಆಕಳಿಕೆಗೆ ಪಾತ್ರರಾಗುವ ನನ್ನಂಥವರಿಗೆ ಇದು ಸ್ವಲ್ಪ ಸಮಾಧಾನದ ಸಂಗತಿ.

ಪುಡಿಯಿಂದ ನೆಲದಲ್ಲಿ ಚಿತ್ರ ಬರೆಯುವುದು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಪ್ರಭೇದಗಳನ್ನು ಹೇಳುತ್ತ ಧೂಳಿಚಿತ್ರವನ್ನೂ ಸೇರಿಸಿದ್ದಾನೆ. ವಾತ್ಸ್ಯಾಯನನ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಅಕ್ಕಿಯಿಂದಲೂ ಹೂವಿನಿಂದಲೂ ನೆಲವನ್ನು ಅಲಂಕರಿಸುವುದಕ್ಕೆ ‘ತಂಡುಲಕುಸುಮಬಲಿವಿಕಾರ’ವೆಂಬ ಹೆಸರಿದೆ. ‘ಬಲಿ’ ಎಂಬ ಮಾತನ್ನು ಗಮನಿಸಬೇಕು. ಅದು ಕೊಡುಗೆ, ನೈವೇದ್ಯ. ಅಕ್ಕಿಯ ಹಿಟ್ಟಿನಲ್ಲಿ ಬರೆದ ರಂಗೋಲಿ ಇರುವೆಗೂ ಗುಬ್ಬಿಗೂ ಊಟವೆಂದು ಅಜ್ಜಿಯರು ಹೇಳುತ್ತಿದ್ದುದರ ಹಿಂದೆ ಅದೇ ಭಾವ ಇದ್ದೀತು. ಈಗ ಕಲ್ಲಿನ ಪುಡಿಯೇ ಎಲ್ಲೆಲ್ಲೂ. ಇರುವೆಗೆ ಏನೂ ದಕ್ಕುವುದಿಲ್ಲ. ಆದರೂ ಕೊಡುಗೆಯೆಂಬ ಗುಣ ಹೋಗಲಿಲ್ಲ, ಯಾಕೆಂದರೆ ನೋಡುವವರು ಇದ್ದರು.

ನನ್ನ ಅಭಿಪ್ರಾಯದ ತಿರುಳು ಇಲ್ಲಿಯೇ ಇದೆ. ಬೊಂಬೆಯ ಹಬ್ಬದ ಸಿಂಗಾರ ಕರೆದಾಗ ಬಂದವರಿಗಾಗಿ. ನೋಡಿದವರು ಮೆಚ್ಚುತ್ತಾರೆ, ಅರಿಸಿನ ಕುಂಕುಮ ತೆಗೆದುಕೊಳ್ಳುತ್ತಾರೆ, ಬೊಂಬೆ ಬಾಗಿನ ಹಿಡಿದು ಹೋಗುತ್ತಾರೆ. ಅದರಲ್ಲಿ ನಮ್ಮ ಮನೆಯಲ್ಲಿ ಏನೇನಿದೆಯೆಂದು ತೋರಿಸುವ ಸಂತೋಷವೂ ಸ್ವಲ್ಪ ಇರುತ್ತದೆ. ಇದ್ದರೆ ತಪ್ಪೇನೂ ಇಲ್ಲ. ಮಾಗಿಯ ಸಿಂಗಾರವಾದರೋ ಕರೆಯದೆ ಹಾದುಹೋಗುವವರಿಗಾಗಿ. ಹಾಲಿನವನು, ಪತ್ರಿಕೆ ಹಾಕುವ ಹುಡುಗ, ಮಫ್ಲರು ಸುತ್ತಿಕೊಂಡು ಲಾಲ್‌ಬಾಗಿಗೆ ಹೊರಟ ನಿವೃತ್ತರು, ಸೊಗಡು ಅವರೆಯ ಮೂಟೆ ಹೊತ್ತು ಗಾಂಧಿಬಜಾರಿಗೆ ಬಂದ ರೈತ, ಶಾಲೆಯ ಮಕ್ಕಳು. ಮನೆಯಾಕೆ ತಾನು ಬಿಡಿಸಿದ್ದನ್ನು ಆಮೇಲೆ ನೋಡುವುದು ಅಪರೂಪ. ಆಕೆ ಒಳಗೆ ಒಲೆಯ ಮುಂದೆ ಇರುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಸೈಕಲ್ಲಿನ ಗಾಲಿ ಅದರ ಮೇಲೆ ಹರಿದಿರುತ್ತದೆ. ನಾಳೆಗೆ ಹೊಸದು. ಕೊಂಡು ತಂದದ್ದಲ್ಲ, ಇಟ್ಟುಕೊಳ್ಳುವಂಥದಲ್ಲ, ಯಾರಿಗೆಂದು ಹೆಸರಿಟ್ಟು ಕೊಟ್ಟದ್ದೂ ಅಲ್ಲ. ನಾವು ಮೊದಲಿನದನ್ನು ಉಳಿಸಿಕೊಂಡಿದ್ದೇವೆ. ಬೊಂಬೆಯ ಹಬ್ಬ ಈಗ ಹಿಂದಿಗಿಂತ ಅದ್ದೂರಿಯಾಗಿಯೇ ನಡೆಯುತ್ತದೆ. ಎರಡನೆಯದನ್ನು ಕಳೆದುಕೊಳ್ಳುತ್ತಿದ್ದೇವೆ. ಈ ನಷ್ಟ ಮನೆಗಿಂತ ಹೆಚ್ಚಾಗಿ ಬೀದಿಯದು.

ಕಳೆದುಹೋಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಆ ನಾಲ್ಕು ಹೆಜ್ಜೆಯ ನೆಲವೇ ಹೋಯಿತು. ಅಂಗಳದಲ್ಲಿ ಮೊದಲು ಸ್ಕೂಟರು ನಿಂತಿತು, ಆಮೇಲೆ ಕಾರು. ಎದೆಮಟ್ಟದ ಗೋಡೆ ತಲೆಯನ್ನು ಮೀರಿತು. ಅಣ್ಣತಮ್ಮಂದಿರ ಪಾಲಿನ ನಂತರ ಮನೆಯೇ ಹೋಗಿ ಮಹಡಿಗಳ ಮೇಲೆ ಮಹಡಿಗಳು ಬಂದುವು. ಮೂರನೆಯ ಮಹಡಿಯ ಬಾಗಿಲಿಗೆ ಬೀದಿಯಿಲ್ಲ. ಅಲ್ಲಿ ಎದುರು ಮನೆಯ ಬಾಗಿಲಿದೆ, ನಡುವೆ ಲಿಫ್ಟು ಇದೆ. ಅದಕ್ಕೆ ಹೊಂದುವಂತೆ ಹೊಸ್ತಿಲಿಗೆ ಅಂಟಿಸುವ ರಂಗೋಲಿ ಬಂದಿದೆ. ಒಮ್ಮೆ ಅಂಟಿಸಿದರೆ ವರ್ಷವಿಡೀ ಇರುತ್ತದೆ. ಅಚ್ಚು, ಜಾಲರಿ, ತೂತಿನ ಕೊಳವೆಗಳನ್ನು ನಾನು ಆಕ್ಷೇಪಿಸುವವಳಲ್ಲ. ಕೊಳವೆಯನ್ನು ಉರುಳಿಸುವುದಕ್ಕಾದರೂ ಬಾಗಿಲು ತೆರೆದು ಹೊರಗೆ ಬರಬೇಕು. ಅಂಟಿಸಿದ ಚಿತ್ರಕ್ಕೆ ಆ ತೊಂದರೆಯೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಅಲ್ಲಲ್ಲಿ ನಡೆಯುವ ರಂಗೋಲಿ ಸ್ಪರ್ಧೆಗಳ ವಿಷಯವೂ ಹೀಗೆಯೇ. ಬಣ್ಣ ಬಣ್ಣದ ದೊಡ್ಡ ಚಿತ್ರಗಳು ಬೆರಗು ಹುಟ್ಟಿಸುತ್ತವೆ, ಬಹುಮಾನ ಹಂಚಲಾಗುತ್ತದೆ. ಸಂತೋಷ. ಆದರೆ ಮರುದಿನದ ಬೆಳಗಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ನೀರಿನ ಮಾತು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೂ ತೋಟಕ್ಕೆ ಹಾಕುವುದನ್ನೂ ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಿತು. ಅಂಥ ಊರಿನಲ್ಲಿ ಬಾಗಿಲಿಗೆ ನೀರು ಹಾಕಬೇಕೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಆದರೆ ಕೊಳವೆ ಹಿಡಿದು ಅಂಗಳ ತೊಳೆಯುವ ಚಟ ಈಚಿನದು. ಧೂಳು ಕೂರಲು ಬೇಕಾದದ್ದು ಒಂದು ಚೊಂಬು ಮಾತ್ರ, ಅದೂ ಅಕ್ಕಿ ತೊಳೆದ ನೀರಾದರೆ ಸಾಕು.

ಇವೆಲ್ಲಕ್ಕಿಂತ ಭಾರವಾದ ಆಕ್ಷೇಪಣೆ ಬೇರೆ ಇದೆ. ಅದನ್ನು ಎತ್ತಬೇಕಾದವರು ಬಹುಕಾಲ ಎತ್ತಲಿಲ್ಲ. ಚಳಿಯಲ್ಲಿ ಐದು ಗಂಟೆಗೆ ಎದ್ದು ಸೊಂಟ ಬಗ್ಗಿಸಿದವರು ಯಾರು? ನಮ್ಮ ಅತ್ತೆಯವರು ಚಾಮರಾಜಪೇಟೆಯ ಮನೆಯ ಮುಂದೆ ಮೂವತ್ತು ಮಾಗಿಗಳಿಗೂ ಹೆಚ್ಚು ಕಾಲ ಈ ಕೆಲಸ ಮಾಡಿದವರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳ ತುಂಬ ಚುಕ್ಕಿಗಳನ್ನಿಟ್ಟು ಹೊಸ ಹೊಸ ಎಳೆಗಳನ್ನು ಹೊಂಚಿದ್ದರು. ಆ ಪುಸ್ತಕ ಈಗ ನನ್ನಲ್ಲಿದೆ. ಮದುವೆಯಾದ ಹೊಸದರಲ್ಲಿ ನಾನು ಅದನ್ನು ನೋಡಿ ಬೆರಗಾಗಿ ಹೊಗಳಿದಾಗ ಅವರು ಹೇಳಿದ ಮಾತು ಇದು: “ನಿಮ್ಮ ಮಾವನವರು ಶಾಲು ಹೊದ್ದುಕೊಂಡು ಜಗಲಿ ಮೇಲೆ ನಿಂತು, ಇವತ್ತು ಚೆನ್ನಾಗಿ ಬಂದಿದೆ ಅನ್ನೋರು ಕಣಮ್ಮ. ಒಂದು ದಿನಾನೂ ಚೊಂಬು ಎತ್ತಿಕೊಡಲಿಲ್ಲ.” ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಜ್ವರ ಬಂದ ದಿನ ಮಗಳು, ಮಗಳು ಹೋದ ಮೇಲೆ ಸೊಸೆ. ಗಂಡಸರಿಗೆ ಈ ಸರದಿ ಬರಲೇ ಇಲ್ಲ. ಇದನ್ನು ಮರೆತು, ‘ಅಯ್ಯೋ, ಆ ಕಾಲದ ಬೀದಿಗಳು ಹೇಗಿದ್ದವು’ ಎಂದು ನಿಟ್ಟುಸಿರಿಡುವ ಲೇಖನಗಳನ್ನು ಓದಿದಾಗ, ಬರೆದವರು ಜಗಲಿಯ ಮೇಲೆ ನಿಂತವರೋ ಅಂಗಳದಲ್ಲಿ ಬಗ್ಗಿದವರೋ ಎಂಬುದು ಎರಡನೆಯ ವಾಕ್ಯದಲ್ಲಿಯೇ ತಿಳಿದುಬಿಡುತ್ತದೆ. ಬಸ್ಸು ಹಿಡಿದು ಎಂಟು ಗಂಟೆಗೆ ಕೆಲಸಕ್ಕೆ ಹೋಗುವ ಹೆಣ್ಣು ರಂಗೋಲಿಯನ್ನು ಬಿಟ್ಟಳೆಂದರೆ ನಾನು ಆಕೆಯನ್ನು ದೂರಲಾರೆ. ಬಿಟ್ಟದ್ದು ನ್ಯಾಯ. ಎರಡನೆಯ ಕೈಯೊಂದು ಅದನ್ನು ಎತ್ತಿಕೊಳ್ಳಲಿಲ್ಲವೆಂಬುದೇ ನನ್ನ ದೂರು.

ಎತ್ತಿಕೊಂಡ ಕೈ ಇಲ್ಲವೆನ್ನುವುದೂ ಪೂರ್ತಿ ಸರಿಯಲ್ಲ. ಉಳಿದಿರುವ ಎಷ್ಟೋ ಮನೆಗಳ ಮುಂದೆ ಈಗ ರಂಗೋಲಿ ಹಾಕುವವರು ಮನೆಗೆಲಸಕ್ಕೆ ಬರುವ ಹೆಂಗಸರು. ಕಸ, ನೀರು, ರಂಗೋಲಿ, ಪಾತ್ರೆ ಎಂದು ಸಂಬಳದ ಮಾತಿನಲ್ಲಿಯೇ ಅದೂ ಸೇರಿರುತ್ತದೆ. ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಒಬ್ಬರನ್ನು ಕೇಳಿದೆ. ಅವರು ಹಾಕುತ್ತಿದ್ದುದು ತಮ್ಮ ತವರೂರಾದ ರಾಯಚೂರಿನ ಕಡೆಯ ಹಳ್ಳಿಯ ಎಳೆ. ಯಾರದೋ ಮನೆಯ ಮುಂದೆ ಯಾರದೋ ಊರು ಮೂಡುತ್ತಿದೆ. ಒಳಗಿರುವವರಿಗೆ ಗೊತ್ತೇ ಇಲ್ಲ. ಹೊಸ್ತಿಲೆಂಬುದು ಬರಮಾಡಿಕೊಳ್ಳುವ ಜಾಗವಾಗಿರುವಂತೆಯೇ ತಡೆದು ನಿಲ್ಲಿಸುವ ಜಾಗವೂ ಆಗಿತ್ತು. ಈ ಮೂರು ಬಡಾವಣೆಗಳ ಹೊಸ್ತಿಲುಗಳು ಜಾತಿ ಕೇಳಿ ಎಷ್ಟೋ ಜನರನ್ನು ಅಂಗಳದಲ್ಲಿಯೇ ನಿಲ್ಲಿಸಿದುವು. ಹಿತ್ತಲ ಗಲ್ಲಿ ಇದ್ದುದೂ ಆ ಕಾರಣಕ್ಕೇ. ರಂಗೋಲಿಯ ಬಗ್ಗೆ ಬರೆಯುವಾಗ ಇದನ್ನು ಮರೆಸಿ ಬರೆದರೆ ಅದು ಸುಳ್ಳಾಗುತ್ತದೆ. ಆದರೆ ಬೆಳಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ, ಉದ್ದನೆಯ ಪೊರಕೆಯನ್ನು ಬೀಸುತ್ತ ಬಂದು, ರಂಗೋಲಿಯ ಅಂಚಿಗೆ ಬಂದಾಗ ಕೈ ಬಿಗಿಹಿಡಿದು ಬಳಸಿಕೊಂಡು ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆಕೆಗೆ ಹಾಗೆ ಮಾಡೆಂದು ಯಾರೂ ಹೇಳಿಲ್ಲ. ಒಳಗೆ ಕರೆಯದ ಮನೆಗಳ ಮುಂದೆಯೂ ಆಕೆ ಹಾಗೆಯೇ ಮಾಡುತ್ತಾಳೆ.

ನಮ್ಮ ಮನೆಯ ಕಥೆಯೂ ಇದಕ್ಕೆ ಹೊರತಲ್ಲ. ಚಾಮರಾಜಪೇಟೆಯ ಹಳೆಯ ಮನೆ ಹೋಯಿತು. ಅದೇ ನಿವೇಶನ, ಪಕ್ಕದ ನಿವೇಶನ ಎರಡೂ ಸೇರಿ ಈಗ 24 ಮನೆಗಳ ಕಟ್ಟಡವಾಗಿದೆ. ಅದರಲ್ಲಿ ಒಂದು ನಮ್ಮದು. ಹೋದ ವರ್ಷ ನಿವಾಸಿಗಳ ಸಂಘದವರು, ಮೊಗಸಾಲೆಯಲ್ಲಿ ರಂಗೋಲಿ ಹಾಕಬಾರದು, ಪುಡಿಯ ಮೇಲೆ ಕಾಲು ಜಾರುತ್ತದೆ, ಎಂದು ಒಂದು ಸುತ್ತೋಲೆ ಹೊರಡಿಸಿದರು. ನುಣುಪು ಕಲ್ಲಿನ ನೆಲದ ಮೇಲೆ ಪುಡಿ ಜಾರುವುದು ನಿಜವೇ. ಎಪ್ಪತ್ತು ದಾಟಿದವರು ನಾಲ್ಕಾರು ಮಂದಿ ನಮ್ಮಲ್ಲಿದ್ದಾರೆ. ಆದರೆ ಸುತ್ತೋಲೆ ಬಂದ ವಾರದಲ್ಲಿಯೇ ಅದೇ ಮೊಗಸಾಲೆಯಲ್ಲಿ ಹೊಸ ವರ್ಷದ ಮಿನುಗು ದೀಪಗಳ ಸರವನ್ನೂ ಪ್ಲಾಸ್ಟಿಕ್ಕಿನ ಪೈನ್ ಗಿಡವನ್ನೂ ಸಂಘದ ಹಣದಿಂದಲೇ ಇಡಲಾಯಿತು. ಫೆಬ್ರವರಿಯವರೆಗೂ ಗಿಡ ಅಲ್ಲಿಯೇ ನಿಂತು ಧೂಳು ಹಿಡಿಯಿತು.

ಈ ವರ್ಷ ಸಭೆಯಲ್ಲಿ ನಾನು ಕೇಳಿದ್ದು ಇಷ್ಟು: ಮೊಗಸಾಲೆ ಬೇಡ, ಬೀದಿಯ ಕಡೆಯ ಗೇಟಿನ ಮುಂದೆ, ಕಾರು ಹತ್ತುವ ಇಳಿಜಾರಿನ ಪಕ್ಕದಲ್ಲಿ ಸಿಮೆಂಟಿನ ಒಂದು ತುಂಡು ನೆಲವಿದೆ. ಅದನ್ನು ಧನುರ್ಮಾಸದ ಮಟ್ಟಿಗೆ ಬಿಟ್ಟುಕೊಡಿ. ಮನೆಗೊಂದು ದಿನ. ಎರಡು ಷರತ್ತು. ಮನೆಯ ಸರದಿ ಬಂದ ದಿನ ಕೆಲಸದವರನ್ನು ಕಳುಹಿಸಕೂಡದು; ಮತ್ತು ಹೆಂಗಸರೇ ಬರಬೇಕೆಂಬ ನಿಯಮವಿಲ್ಲ. ಒಂದು ಗಂಟೆಯ ಚರ್ಚೆ ನಡೆಯಿತು. ‘ಗಂಡಸರು ಬಿಡಿಸಿದ ರಂಗೋಲಿಯನ್ನು ನೋಡಿ ಬೀದಿ ನಗುವುದಿಲ್ಲವೆ’ ಎಂದರು ಹಿರಿಯರೊಬ್ಬರು. ನಗಲಿ, ಮಾಗಿಯ ಬೆಳಗಿಗೆ ಅದೂ ಒಳ್ಳೆಯದೇ ಎಂದು ಅವರ ಶ್ರೀಮತಿಯವರೇ ಉತ್ತರ ಕೊಟ್ಟರು.

ಪಟ್ಟಿ ಈಗ ಲಿಫ್ಟಿನ ಪಕ್ಕದಲ್ಲಿ ಅಂಟಿಸಲ್ಪಟ್ಟಿದೆ. ಎರಡನೆಯ ಮಹಡಿಯ ಕ್ರೈಸ್ತ ಮನೆಯವರು ಡಿಸೆಂಬರ್ 25ನ್ನು ತಾವೇ ಕೇಳಿ ಪಡೆದರು, ನಕ್ಷತ್ರ ಬಿಡಿಸುತ್ತಾರಂತೆ. ಏಳರಿಂದ ನಾಲ್ಕರ ಹಂದರದಲ್ಲಿ ಆರು ಮೂಲೆಯ ನಕ್ಷತ್ರ ಬಹಳ ಸುಲಭವೆಂದು ಹೇಳಿ ಅತ್ತೆಯವರ ಪುಸ್ತಕದ ಹಾಳೆಯೊಂದರ ನಕಲನ್ನು ಕೊಟ್ಟಿದ್ದೇನೆ. ಇಂಜಿನಿಯರಿಂಗ್ ಓದುವ ಹುಡುಗರಿಬ್ಬರು ಮಹಡಿಯ ಮೇಲೆ ಸೀಮೆಸುಣ್ಣದಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಎಳೆ ಎಲ್ಲಿ ತಪ್ಪಿತೆಂದು ಇಬ್ಬರಿಗೂ ಜಗಳ. ನನ್ನ ಯಜಮಾನರು ಮೊದಲ ದಿನವನ್ನೇ ಒಪ್ಪಿಕೊಂಡಿದ್ದಾರೆ, ಅಲಾರಂ ನಾನು ಇಡಬೇಕೆಂಬ ಕರಾರಿನ ಮೇಲೆ, ಇಡುವುದಿಲ್ಲವೆಂದು ಹೇಳಿದ್ದೇನೆ. 24 ಮನೆಗಳು ಹೋಗಿ ಉಳಿಯುವ ಐದಾರು ದಿನಗಳನ್ನು ಕಾವಲುಗಾರರ ಹೆಂಡತಿಗೆ ವಹಿಸಿಬಿಡೋಣ, ಏನಾದರೂ ಕೊಟ್ಟರಾಯಿತು ಎಂಬ ಸಲಹೆ ಬಂತು. ಅದನ್ನು ಸಭೆ ಒಪ್ಪಲಿಲ್ಲ. ಆ ದಿನಗಳು ಮೊದಲ ಮಹಡಿಯಿಂದ ಮತ್ತೆ ಶುರುವಾಗುತ್ತವೆ.